ಒಂದೇ ಹೊಲದ ಗೋಧಿ ಮತ್ತು ಕಳೆ: ತೊರಪಳ್ಳಿಯ ರಾಜಾಜಿ

ಡಿಸೆಂಬರ್ ಬಂತೆಂದರೆ ನಮಗೆ ಆಗಮನ ಕಾಲ. ಗೋದಲಿ ಕಟ್ಟುವ, ಮನೆಗೆ ಸುಣ್ಣ ಬಳಿಯುವ, ಪಾಪನಿವೇದನೆ ಮಾಡಿ ಮನಸ್ಸನ್ನೂ ಶುಚಿ ಮಾಡಿಕೊಳ್ಳುವ ತಿಂಗಳು. ಇದೇ ತಿಂಗಳು ನಮ್ಮ ನೆರೆಯ ಊರಿನವರೊಬ್ಬರು ಹುಟ್ಟಿದ ತಿಂಗಳು, ತೀರಿಕೊಂಡ ತಿಂಗಳು ಕೂಡ. ಅವರು 1878ರ ಡಿಸೆಂಬರ್ 10ರಂದು ಹೊಸೂರಿನ ಹತ್ತಿರದ ತೊರಪಳ್ಳಿಯಲ್ಲಿ ಹುಟ್ಟಿದರು. 1972ರ ಡಿಸೆಂಬರ್ 25ರಂದು, ನಾವೆಲ್ಲ ಕ್ರಿಸ್ತಜಯಂತಿ ಆಚರಿಸುತ್ತಿದ್ದ ದಿನವೇ, ಚೆನ್ನೈಯಲ್ಲಿ ಕಣ್ಣುಮುಚ್ಚಿದರು. ಅವರೇ ಚಕ್ರವರ್ತಿ ರಾಜಗೋಪಾಲಾಚಾರಿ. ದೇಶವೆಲ್ಲ ಅವರನ್ನು ರಾಜಾಜಿ ಎಂದು ಕರೆಯಿತು.

ಸಂತರ ಜೀವನವನ್ನು ಓದುವುದು ನಮಗೆ ಅಭ್ಯಾಸ. ರಾಜಾಜಿ ನಮ್ಮ ಧರ್ಮದವರಲ್ಲ, ಸಂತರೂ ಅಲ್ಲ. ಆದರೆ ಜವಳಗಿರಿ, ತಳಿ, ಡೆಂಕಣಿಕೋಟೆ ಕಡೆಯ ನಮ್ಮ ಮನೆಗಳಲ್ಲಿ ಇಂದಿಗೂ ಮೂರು ವಿಷಯಗಳ ಚಿಂತೆ ಇದೆ. ಒಂದು ಕುಡಿತ, ಒಂದು ಮಕ್ಕಳ ಭಾಷೆ, ಇನ್ನೊಂದು ಮಕ್ಕಳ ಓದು. ಈ ಮೂರರಲ್ಲೂ ರಾಜಾಜಿಯವರ ಕೈ ಇತ್ತು. ಕೆಲವು ಕಡೆ ನಮಗೆ ಒಳ್ಳೆಯದಾಯಿತು, ಕೆಲವು ಕಡೆ ನೋವಾಯಿತು. ಅಂಥವರನ್ನು ನಾವು ಹೇಗೆ ನೆನೆಯಬೇಕು? ಹಾರ ಹಾಕಬೇಕೋ, ಮರೆತುಬಿಡಬೇಕೋ? ಇದೇ ಈ ತಿಂಗಳ ಪ್ರಶ್ನೆ.

ಯೇಸುಸ್ವಾಮಿ ಗೋಧಿ ಮತ್ತು ಕಳೆಯ ಸಾಮತಿಯನ್ನು ಹೇಳಿದ್ದು ಮತ್ತಾಯನ ಶುಭಸಂದೇಶದ 13ನೇ ಅಧ್ಯಾಯದಲ್ಲಿದೆ. ಯಜಮಾನ ಒಳ್ಳೆಯ ಬೀಜವನ್ನೇ ಬಿತ್ತಿದ್ದ, ಆದರೂ ಕಳೆ ಹುಟ್ಟಿತು. ಕಿತ್ತುಹಾಕೋಣವೇ ಎಂದು ಆಳುಗಳು ಕೇಳಿದರೆ, ಕಳೆಯ ಜೊತೆ ಗೋಧಿಯೂ ಕಿತ್ತುಬರಬಹುದು, ಸುಗ್ಗಿಯವರೆಗೆ ಎರಡೂ ಬೆಳೆಯಲಿ ಎಂದ. ರಾಗಿ ಬೆಳೆಯುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಳೆ ಪೈರಿನಲ್ಲಿ ರಾಗಿಯಂತೆಯೇ ಕಾಣುವ ಹುಲ್ಲು ಎಷ್ಟು ಮೋಸ ಮಾಡುತ್ತದೆಂದು ಕಳೆ ಕೀಳಲು ಹೋಗುವ ನಮ್ಮ ಅಮ್ಮಂದಿರಿಗೆ ಚೆನ್ನಾಗಿ ಗೊತ್ತು. ಈ ಸಾಮತಿ ಲೋಕಕ್ಕೆ ಹೇಗೋ ಹಾಗೆಯೇ ಒಬ್ಬೊಬ್ಬ ಮನುಷ್ಯನ ಹೃದಯಕ್ಕೂ ಹೊಂದುತ್ತದೆ.

ದೂರದ ಬೆಟ್ಟ

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ. ಅಮೆರಿಕದ ಮೂರನೇ ಅಧ್ಯಕ್ಷ ಥಾಮಸ್ ಜೆಫರ್ಸನ್ ಅಂಥ ಒಂದು ಬೆಟ್ಟ. ಎಲ್ಲ ಮನುಷ್ಯರೂ ಸಮಾನರಾಗಿ ಸೃಷ್ಟಿಯಾದವರು ಎಂದು 1776ರ ಸ್ವಾತಂತ್ರ್ಯ ಘೋಷಣೆಯಲ್ಲಿ ಬರೆದವರು ಅವರೇ. ಲೋಕದಲ್ಲಿ ಎಷ್ಟೋ ಜನರ ಬಿಡುಗಡೆಗೆ ಆ ಮಾತು ದಾರಿದೀಪವಾಯಿತು. ಆದರೆ ಹತ್ತಿರ ಹೋಗಿ ನೋಡಿದರೆ, ಅದೇ ಮನುಷ್ಯ ಜೀವಮಾನದಲ್ಲಿ 600ಕ್ಕೂ ಹೆಚ್ಚು ಗುಲಾಮರನ್ನು ಇಟ್ಟುಕೊಂಡಿದ್ದರು. ಗುಲಾಮಗಿರಿ ತಪ್ಪೆಂದು ಅವರಿಗೆ ಗೊತ್ತಿತ್ತು, ಹಾಗೆಂದು ಬರೆದೂ ಇದ್ದರು. ಆದರೂ ಅವರ ಉಯಿಲಿನಿಂದ ಬಿಡುಗಡೆಯಾದವರು ಐವರೇ. 1826ರ ಜುಲೈ 4ರಂದು, ಆ ಘೋಷಣೆಗೆ ಸರಿಯಾಗಿ 50 ವರ್ಷ ತುಂಬಿದ ದಿನ, ಅವರು ತೀರಿಕೊಂಡರು. ಮೈತುಂಬ ಸಾಲವಿತ್ತು. ಮರುವರ್ಷ ಅವರ ಮನೆಯಂಗಳದಲ್ಲೇ 130 ಗುಲಾಮರನ್ನು ಹರಾಜು ಹಾಕಿದರು. ಎಷ್ಟೋ ತಾಯಂದಿರು ಮಕ್ಕಳಿಂದ ದೂರವಾದರು.

ಅಮೆರಿಕದವರು ಇಂದಿಗೂ ಅವರ ಬಗ್ಗೆ ವಾದಿಸುತ್ತಿದ್ದಾರೆ. 2021ರಲ್ಲಿ ನ್ಯೂಯಾರ್ಕ್ ನಗರದ ಸಭಾಭವನದಿಂದ ಅವರ ಪ್ರತಿಮೆಯನ್ನು ತೆಗೆದು ಬೇರೆಡೆ ಸಾಗಿಸಿದರು. ಮಾಡಬೇಕೆಂದುಕೊಂಡ ಒಳ್ಳೆಯದನ್ನು ಮಾಡದೆ, ಬೇಡವೆಂದುಕೊಂಡ ಕೆಟ್ಟದ್ದನ್ನೇ ಮಾಡುವ ಸಂಕಟವನ್ನು ಸಂತ ಪೌಲರು ರೋಮನರಿಗೆ ಬರೆದ ಪತ್ರದಲ್ಲಿ ಹೇಳಿಕೊಂಡಿದ್ದಾರೆ. ಜೆಫರ್ಸನ್‌ರದು ಆ ಜಾತಿಯ ಸೋಲು. ತೊರಪಳ್ಳಿಯ ನಮ್ಮ ರಾಜಾಜಿಯವರದು ಬೇರೆ ಬಗೆಯದು. ಅವರು ಸರಿಯೆಂದು ಕಂಡದ್ದನ್ನು ಮಾಡದೆ ಬಿಟ್ಟವರಲ್ಲ.

ಹತ್ತಿರದ ಬೆಟ್ಟ

ರಾಜಾಜಿಯವರ ತಂದೆ ತೊರಪಳ್ಳಿಯ ಮುನ್ಸೀಫರಾಗಿದ್ದರು. ಹುಡುಗ ಹೊಸೂರಿನ ಶಾಲೆಯಲ್ಲಿ ಓದಿದ. ಮುಂದೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ, ಆಮೇಲೆ ಮದ್ರಾಸಿನಲ್ಲಿ ಕಾನೂನು ಓದಿ, 1900ರಲ್ಲಿ ಸೇಲಂನಲ್ಲಿ ವಕೀಲಿ ಶುರುಮಾಡಿದರು. ಸೇಲಂ ಪುರಸಭೆಯ ಅಧ್ಯಕ್ಷರೂ ಆದರು. 1916ರಲ್ಲಿ ಹೆಂಡತಿ ತೀರಿಕೊಂಡಾಗ ಐವರು ಮಕ್ಕಳಿದ್ದರು. ಮತ್ತೆ ಮದುವೆಯಾಗಲಿಲ್ಲ. ಗಾಂಧೀಜಿಯ ಕರೆಗೆ ಓಗೊಟ್ಟು ಚೆನ್ನಾಗಿ ನಡೆಯುತ್ತಿದ್ದ ವಕೀಲಿಯನ್ನು ಬಿಟ್ಟು ಜೈಲಿಗೆ ಹೋದರು. 1925ರಲ್ಲಿ ತಿರುಚೆಂಗೋಡಿನ ಬಳಿ ಆಶ್ರಮ ಕಟ್ಟಿ ಖಾದಿ, ಅಸ್ಪೃಶ್ಯತಾ ನಿವಾರಣೆ, ಪಾನನಿರೋಧದ ಕೆಲಸಕ್ಕೆ ನಿಂತರು. 1930ರಲ್ಲಿ ತಿರುಚ್ಚಿಯಿಂದ ವೇದಾರಣ್ಯದವರೆಗೆ ಉಪ್ಪಿನ ಸತ್ಯಾಗ್ರಹದ ನಡಿಗೆ ನಡೆಸಿದರು.

ಮುಂದೆ ಏರಿದ ಮೆಟ್ಟಿಲುಗಳನ್ನು ಎಣಿಸಿದರೆ ಆಶ್ಚರ್ಯವಾಗುತ್ತದೆ. 1937ರಿಂದ 1939ರವರೆಗೆ ಮದ್ರಾಸ್ ಪ್ರಾಂತ್ಯದ ಪ್ರಧಾನಿ, 1947ರಲ್ಲಿ ಪಶ್ಚಿಮ ಬಂಗಾಳದ ರಾಜ್ಯಪಾಲ, 1948ರ ಜೂನ್‌ನಿಂದ 1950ರ ಜನವರಿ 26ರವರೆಗೆ ಭಾರತದ ಗವರ್ನರ್ ಜನರಲ್. ಆ ಪದವಿಗೆ ಬಂದ ಭಾರತೀಯ ಅವರೊಬ್ಬರೇ, ಆ ಪದವಿಯ ಕೊನೆಯವರೂ ಅವರೇ. ಬಳಿಕ ಕೇಂದ್ರ ಗೃಹಮಂತ್ರಿ, 1952ರಿಂದ 1954ರವರೆಗೆ ಮದ್ರಾಸಿನ ಮುಖ್ಯಮಂತ್ರಿ. ಭಾರತರತ್ನ ಮೊದಲ ಸಲ ಕೊಟ್ಟ 1954ರಲ್ಲೇ ಅದನ್ನು ಪಡೆದ ಮೂವರಲ್ಲಿ ಒಬ್ಬರು. ತೊರಪಳ್ಳಿಯ ಅವರ ಮನೆಯನ್ನು ಸರ್ಕಾರ ಸ್ಮಾರಕವಾಗಿ ಉಳಿಸಿದೆ. ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಬಹುದು. ಆದರೆ ಗೋಡೆಯ ಮೇಲಿನ ಪಟಗಳನ್ನು ನೋಡಿ ಬಂದರಷ್ಟೇ ಸಾಲದು.

ಕುಡಿತ

ಆಗ ನಮ್ಮ ಹೊಸೂರು ಸೀಮೆಯೆಲ್ಲ ಸೇಲಂ ಜಿಲ್ಲೆಗೆ ಸೇರಿತ್ತು. ಧರ್ಮಪುರಿ ಬೇರೆ ಜಿಲ್ಲೆಯಾದದ್ದು 1965ರಲ್ಲಿ, ಕೃಷ್ಣಗಿರಿ ಜಿಲ್ಲೆಯಾದದ್ದು 2004ರಲ್ಲಿ. 1937ರಲ್ಲಿ ಅಧಿಕಾರಕ್ಕೆ ಬಂದ ಕೆಲವೇ ತಿಂಗಳಲ್ಲಿ ರಾಜಾಜಿ ಪಾನನಿರೋಧ ತಂದರು. ಪ್ರಾಂತ್ಯದಲ್ಲಿ ಮೊದಲು ಆರಿಸಿಕೊಂಡದ್ದು ತಮ್ಮದೇ ಜಿಲ್ಲೆಯನ್ನು. 1937ರ ಅಕ್ಟೋಬರ್ 1ರಿಂದ ಸೇಲಂ ಜಿಲ್ಲೆಯಲ್ಲಿ ಹೆಂಡ, ಸಾರಾಯಿ ಅಂಗಡಿಗಳು ಮುಚ್ಚಿದವು. ಕೂಲಿಯ ದುಡ್ಡು ಹೆಂಡದಂಗಡಿಗೆ ಹೋಗದೆ ಮನೆಗೆ ಬಂದರೆ ಏನಾಗುತ್ತದೆಂದು ನಮ್ಮ ಅಮ್ಮಂದಿರನ್ನು ಕೇಳಬೇಕೇ? ಮಕ್ಕಳ ತಟ್ಟೆಗೆ ಅನ್ನ, ಹೆಂಡತಿಯ ಮೈಗೆ ಸೀರೆ, ರಾತ್ರಿ ನಿದ್ದೆ.

ಸರ್ಕಾರಕ್ಕೆ ಬರುತ್ತಿದ್ದ ಅಬಕಾರಿ ವರಮಾನ ಹೋಯಿತು. ಅದನ್ನು ತುಂಬಿಕೊಳ್ಳಲು 1939ರಲ್ಲಿ ಮಾರಾಟ ತೆರಿಗೆಯ ಕಾಯಿದೆ ತಂದರು. ಬಡವನ ಕುಡಿತದಿಂದ ಸರ್ಕಾರ ಬದುಕಬಾರದು ಎಂಬುದು ಅವರ ನಂಬಿಕೆಯಾಗಿತ್ತು. 1971ರಲ್ಲಿ ತಮಿಳುನಾಡು ಸರ್ಕಾರ ಪಾನನಿರೋಧವನ್ನು ಸಡಿಲಿಸಲು ಹೊರಟಾಗ ಅವರಿಗೆ 92 ವರ್ಷ. ಆ ವಯಸ್ಸಿನಲ್ಲಿ ಮಳೆಯಲ್ಲೇ ಮುಖ್ಯಮಂತ್ರಿ ಕರುಣಾನಿಧಿಯವರ ಮನೆಗೆ ಹೋಗಿ, ಬೇಡವೆಂದು ಕೇಳಿಕೊಂಡರೆಂದು ತಮಿಳುನಾಡಿನಲ್ಲಿ ಇಂದಿಗೂ ಹೇಳುತ್ತಾರೆ. ಅವರ ಮಾತು ನಡೆಯಲಿಲ್ಲ. 2003ರಿಂದ ಮದ್ಯದ ಚಿಲ್ಲರೆ ಮಾರಾಟವೂ ಸರ್ಕಾರದ ಟಾಸ್ಮಾಕ್ ಕೈಗೇ ಬಂತು. ಹೆಂಡದ ವರಮಾನದ ಬದಲಿಗೆಂದು ಬಂದ ತೆರಿಗೆಯೂ ಉಳಿಯಿತು, ಮದ್ಯದ ವರಮಾನವೂ ಮರಳಿ ಬಂತು. ಈ ಹೊಲದಲ್ಲಿ ರಾಜಾಜಿ ಬಿತ್ತಿದ್ದು ಗೋಧಿ ಎನ್ನಲು ನಮಗೆ ಸಂಕೋಚವಿಲ್ಲ.

ಇದರ ಜೊತೆಗೆ ಇನ್ನೊಂದನ್ನೂ ಹೇಳಬೇಕು. 1939ರ ಜುಲೈನಲ್ಲಿ ವೈದ್ಯನಾಥ ಅಯ್ಯರ್ ಅವರು ದಲಿತ ಬಂಧುಗಳನ್ನು ಮಧುರೆಯ ಮೀನಾಕ್ಷಿ ದೇವಾಲಯದ ಒಳಗೆ ಕರೆದುಕೊಂಡು ಹೋದಾಗ, ಅವರ ಮೇಲೆ ಮೊಕದ್ದಮೆ ಬೀಳದಂತೆ ಕಾನೂನು ತಂದವರು ರಾಜಾಜಿ. ಇದನ್ನು ಓದಿ ‘ಅದು ಅವರ ದೇವಸ್ಥಾನದ ವಿಷಯ’ ಎಂದು ನಾವು ಹಾಯಾಗಿ ಕೂರುವಂತಿಲ್ಲ. ತಮಿಳುನಾಡಿನ ಧರ್ಮಸಭೆಯಲ್ಲಿ ಎಷ್ಟೋ ಕಡೆ ದಲಿತ ಕ್ರೈಸ್ತರಿಗೆ ಬೇರೆ ಸಾಲು, ಬೇರೆ ಸಮಾಧಿ ಇದ್ದುದು ನಮ್ಮದೇ ಕಥೆ. 2003ರ ನವೆಂಬರ್‌ನಲ್ಲಿ ತಮಿಳುನಾಡಿನ ಧರ್ಮಾಧ್ಯಕ್ಷರು ರೋಮಿಗೆ ಹೋದಾಗ, ಜಾತಿಭೇದವನ್ನು ಧರ್ಮಸಭೆಯಿಂದ ತೊಲಗಿಸಬೇಕೆಂದು ಪೋಪ್ ಎರಡನೇ ಜಾನ್ ಪಾಲ್ ಅವರೇ ಎಚ್ಚರಿಸಬೇಕಾಯಿತು.

ಭಾಷೆ

ಅದೇ ರಾಜಾಜಿ 1938ರಲ್ಲಿ ಪ್ರೌಢಶಾಲೆಗಳಲ್ಲಿ ಹಿಂದಿಯನ್ನು ಕಡ್ಡಾಯ ಮಾಡಿದರು. ಆಯ್ದ 125 ಶಾಲೆಗಳಲ್ಲಿ ಶುರುವಾಯಿತು. ದೇಶದ ಐಕ್ಯಕ್ಕೆ, ಮಕ್ಕಳ ನೌಕರಿಗೆ ಒಳ್ಳೆಯದು ಎಂಬುದು ಅವರ ಎಣಿಕೆ. ಜನ ಬೇಡವೆಂದರು. ಪೆರಿಯಾರ್ ಈ.ವೆ. ರಾಮಸಾಮಿಯವರು ಮುಂದೆ ನಿಂತರು. ಪೆರಿಯಾರರ ಮನೆಮಾತು ಕನ್ನಡ ಎಂಬುದು ನಮ್ಮಲ್ಲಿ ಹಲವರಿಗೆ ತಿಳಿದಿರಲಿಕ್ಕಿಲ್ಲ. ಸಾವಿರಕ್ಕೂ ಹೆಚ್ಚು ಜನ ಜೈಲಿಗೆ ಹೋದರು. ಬ್ರಿಟಿಷರು ತಮ್ಮ ವಿರುದ್ಧ ಬಳಸಿದಾಗ ಕಾಂಗ್ರೆಸ್ಸಿನವರು ಖಂಡಿಸಿದ್ದ ಅದೇ ಕಾನೂನನ್ನು ರಾಜಾಜಿ ಸರ್ಕಾರ ಚಳವಳಿಗಾರರ ಮೇಲೆ ಬಳಸಿತು. 1939ರಲ್ಲಿ ನಟರಾಜನ್ ಮತ್ತು ತಾಳಮುತ್ತು ಎಂಬ ಇಬ್ಬರು ಯುವಕರು ಸೆರೆಯಲ್ಲಿದ್ದಾಗ ಕಾಯಿಲೆ ಬಿದ್ದು ಸತ್ತರು. ಕಾಂಗ್ರೆಸ್ ಸರ್ಕಾರ ರಾಜೀನಾಮೆ ಕೊಟ್ಟ ಮೇಲೆ, 1940ರ ಫೆಬ್ರವರಿಯಲ್ಲಿ, ಗವರ್ನರರು ಆ ಕಡ್ಡಾಯವನ್ನು ತೆಗೆದರು.

ಇಪ್ಪತ್ತು ವರ್ಷ ಕಳೆಯಿತು. ಹಿಂದಿಯೊಂದೇ ಆಡಳಿತ ಭಾಷೆಯಾಗಬಾರದೆಂದು ದಕ್ಷಿಣದಲ್ಲಿ ಗಟ್ಟಿಯಾಗಿ ಕೂಗಿದವರು ಯಾರು? ಅದೇ ರಾಜಾಜಿ! 1965ರ ಚಳವಳಿಯ ಹೊತ್ತಿಗೆ ಅವರು ವಿರೋಧಿಗಳ ಸಾಲಿನಲ್ಲಿದ್ದರು. 1967ರ ಚುನಾವಣೆಯಲ್ಲಿ ಅವರ ಸ್ವತಂತ್ರ ಪಕ್ಷ ಡಿ.ಎಂ.ಕೆ. ಜೊತೆ ಕೈಜೋಡಿಸಿತು. ತಾವು ಆಳಿದ ಕಾಂಗ್ರೆಸ್ಸನ್ನೇ ಸೋಲಿಸಲು ನೆರವಾದರು.

ಮನುಷ್ಯ ಅಭಿಪ್ರಾಯ ಬದಲಿಸಿಕೊಳ್ಳುವುದು ತಪ್ಪಲ್ಲ. ಮೊಂಡುಹಿಡಿದು ಕೂರುವುದಕ್ಕಿಂತ ಅದು ಒಳ್ಳೆಯದು. ಆದರೆ ನಟರಾಜನ್, ತಾಳಮುತ್ತು ಮರಳಿ ಬರಲಿಲ್ಲ. ಅಧಿಕಾರದಲ್ಲಿರುವವರು ನಿಧಾನವಾಗಿ ಕಲಿತರೆ ಅದರ ಬೆಲೆಯನ್ನು ಕೊಡುವವರು ಬೇರೆಯವರು.

ಗಡಿಯ ನಮಗೆ ಈ ಪಾಠ ಇನ್ನೂ ಹತ್ತಿರದ್ದು. 2006ರ ಕಾಯಿದೆ ತಮಿಳುನಾಡಿನ ಶಾಲೆಗಳಲ್ಲಿ ತಮಿಳನ್ನು ತರಗತಿಯಿಂದ ತರಗತಿಗೆ ಕಡ್ಡಾಯ ಮಾಡುತ್ತ ಬಂತು. ಮನೆಯಲ್ಲಿ ಕನ್ನಡ, ತೆಲುಗು, ಉರ್ದು ಆಡುವ ಮಕ್ಕಳ ಪರವಾಗಿ ಮಾತು ನ್ಯಾಯಾಲಯದವರೆಗೆ ಹೋಯಿತು. ನಾವಿರುವ ನಾಡಿನ ಭಾಷೆಯನ್ನು ಕಲಿಯಬೇಡವೆಂದು ಯಾರೂ ಹೇಳುವುದಿಲ್ಲ. ಕಲಿಯಲೇಬೇಕು, ಪ್ರೀತಿಯಿಂದ ಕಲಿಯಬೇಕು. ಆದರೆ ಭಾಷೆಯ ವಿಷಯದಲ್ಲಿ ಪ್ರೀತಿ ಒಂದು, ಒತ್ತಾಯ ಇನ್ನೊಂದು. ಒತ್ತಾಯದ ನೋವನ್ನು ಉಂಡವರು ಅದನ್ನು ಇನ್ನೊಬ್ಬರಿಗೆ ಬಡಿಸುವುದು ಮನುಷ್ಯರಲ್ಲಿ ಎಲ್ಲ ಕಡೆಯೂ ಇರುವ ಗುಣ.

ಓದು

1953ರಲ್ಲಿ ಮುಖ್ಯಮಂತ್ರಿಯಾಗಿದ್ದಾಗ ರಾಜಾಜಿ ಹಳ್ಳಿಯ ಪ್ರಾಥಮಿಕ ಶಾಲೆಗಳಿಗೆ ಹೊಸ ಯೋಜನೆ ತಂದರು. ಮಕ್ಕಳಿಗೆ ದಿನಕ್ಕೆ ಮೂರು ಗಂಟೆ ಮಾತ್ರ ಪಾಠ. ಒಂದು ಗುಂಪು ಬೆಳಗ್ಗೆ, ಇನ್ನೊಂದು ಗುಂಪು ಮಧ್ಯಾಹ್ನ. ಉಳಿದ ಹೊತ್ತಿನಲ್ಲಿ ಮಕ್ಕಳು ಹೆತ್ತವರ ಕಸುಬನ್ನು ಕಲಿಯಬೇಕು. ಇರುವ ಶಾಲೆ, ಇರುವ ಮೇಷ್ಟ್ರುಗಳಲ್ಲೇ ಎರಡರಷ್ಟು ಮಕ್ಕಳಿಗೆ ಪಾಠ ಹೇಳಬಹುದು, ಕೈಕೆಲಸಕ್ಕೂ ಗೌರವ ಬರುತ್ತದೆ ಎಂಬುದು ಅವರ ಲೆಕ್ಕ.

ಕಾಗದದ ಮೇಲೆ ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಜನ ಅದಕ್ಕೆ ‘ಕುಲಕಲ್ವಿ’, ಅಂದರೆ ಜಾತಿ ಕಸುಬಿನ ಶಿಕ್ಷಣ, ಎಂದು ಹೆಸರಿಟ್ಟರು. ಚಪ್ಪಲಿ ಹೊಲಿಯುವವನ ಮಗ ಚಪ್ಪಲಿ ಹೊಲಿಯಲಿ, ಜೀತದವನ ಮಗ ದನ ಕಾಯಲಿ, ವಕೀಲನ ಮಗ ಮಾತ್ರ ವಕೀಲನಾಗಲಿ ಎಂದಂತಾಯಿತು. ಸ್ವತಃ ಹಳ್ಳಿಯಿಂದ ಹೊರಟು ಹೊಸೂರು, ಬೆಂಗಳೂರು, ಮದ್ರಾಸುಗಳಲ್ಲಿ ಓದಿ ದೇಶದ ಅತಿ ದೊಡ್ಡ ಪದವಿಗೆ ಏರಿದವರಿಗೆ ಇದು ಹೊಳೆಯಲಿಲ್ಲ. 1954ರಲ್ಲಿ ಅವರು ಪದವಿ ಬಿಡಬೇಕಾಯಿತು. ಅವರ ನಂತರ ಬಂದ ಕಾಮರಾಜರು, ಹೆಚ್ಚು ಓದಲು ಅವಕಾಶ ಸಿಗದೆ ಬೆಳೆದವರು, ಆ ಯೋಜನೆಯನ್ನು ಕೈಬಿಟ್ಟರು. ಶಾಲೆಗಳನ್ನು ಹೆಚ್ಚಿಸಿದರು, ಮಧ್ಯಾಹ್ನದ ಊಟ ಕೊಟ್ಟರು. ರಾಗಿ ಹೊಲದಲ್ಲಿ ದುಡಿಯುವ ಅಪ್ಪ ಅಮ್ಮಂದಿರ ಮಗಳು ಇವತ್ತು ನರ್ಸ್ ಆಗಿದ್ದರೆ, ಮೇಷ್ಟ್ರಾಗಿದ್ದರೆ, ಕನ್ಯಾಸ್ತ್ರೀಯಾಗಿ ಸೇವೆ ಮಾಡುತ್ತಿದ್ದರೆ, ಆ ಮೂರು ಗಂಟೆಯ ಪಾಠ ನಿಲ್ಲದೆ ಹೋಗಿದ್ದರೆ ಏನಾಗುತ್ತಿತ್ತೆಂದು ಯೋಚಿಸಬೇಕು.

ಬೇರು ಒಂದೇ

ಈಗ ಮೂರನ್ನೂ ಜೊತೆಗಿಟ್ಟು ನೋಡೋಣ. ಕುಡಿತ ನಿಲ್ಲಿಸಿದವರೂ ಅವರೇ, ಹಿಂದಿ ಹೇರಿದವರೂ ಅವರೇ, ಅರ್ಧ ದಿನದ ಶಾಲೆ ತಂದವರೂ ಅವರೇ. ಇವು ಒಂದಕ್ಕೊಂದು ಸಂಬಂಧವಿಲ್ಲದ ಕೆಲಸಗಳೆಂದು ತೋರುತ್ತವೆ. ಆದರೆ ಬೇರು ಒಂದೇ ಎಂದು ನಮಗನ್ನಿಸುತ್ತದೆ. ‘ನಿಮಗೆ ಯಾವುದು ಒಳ್ಳೆಯದೆಂದು ನನಗೆ ಗೊತ್ತು’ ಎಂಬ ದೃಢನಂಬಿಕೆ ಅದು. ಬಡವನ ಹೆಂಡತಿಯ ಕಣ್ಣೀರು ಕಂಡಾಗ ಆ ನಂಬಿಕೆ ಕರುಣೆಯಾಯಿತು. ಜನರನ್ನು ಕೇಳದೆ ಮುಂದೆ ಹೋದಾಗ ಅದೇ ನಂಬಿಕೆ ಹೊರೆಯಾಯಿತು. ದುಡ್ಡಿನ ಆಸೆಯಿಂದ, ಸ್ವಂತ ಲಾಭದಿಂದ ಅವರು ತಪ್ಪು ಮಾಡಲಿಲ್ಲ. ಒಳ್ಳೆಯದನ್ನು ಮಾಡುವ ಆತುರದಲ್ಲೇ ತಪ್ಪಿದರು. ಅದಕ್ಕೇ ಗೋಧಿಯನ್ನೂ ಕಳೆಯನ್ನೂ ಬೇರೆ ಮಾಡುವುದು ಇಷ್ಟು ಕಷ್ಟ.

ಈ ಬೇರು ರಾಜಕೀಯದವರ ಹೊಲದಲ್ಲಿ ಮಾತ್ರ ಇಲ್ಲ. ‘ನಿನ್ನ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ’ ಎಂಬ ಮಾತು ನಮ್ಮ ಮನೆಗಳಲ್ಲಿ ದಿನವೂ ಕೇಳುತ್ತದೆ. ಯಾವ ಶಾಲೆಗೆ ಸೇರಿಸಬೇಕು, ಯಾವ ಓದು ಓದಿಸಬೇಕು, ಮಗಳಿಗೆ ಎಲ್ಲಿ ಸಂಬಂಧ ನೋಡಬೇಕು, ಎಲ್ಲವನ್ನೂ ದೊಡ್ಡವರೇ ತೀರ್ಮಾನ ಮಾಡುತ್ತೇವೆ. ಎಷ್ಟೋ ಸಲ ನಮ್ಮ ಮಾತೇ ಸರಿಯಾಗಿರುತ್ತದೆ. ಆದರೆ ಆ ಮಗುವನ್ನು ಒಮ್ಮೆ ಕೂರಿಸಿ ಕೇಳಿದ್ದೇವೆಯೇ? ಧರ್ಮಕೇಂದ್ರದ ಸಮಿತಿಗಳಲ್ಲೂ ಅಷ್ಟೇ. ನಾಲ್ಕು ಜನ ಹಿರಿಯರು ಕೂತು ಎಲ್ಲರ ಪರವಾಗಿ ಮುಗಿಸಿಬಿಡುತ್ತೇವೆ. ಯೇಸುಸ್ವಾಮಿ ಜೆರಿಕೋ ದಾರಿಯಲ್ಲಿ ಕುರುಡನನ್ನು ಕಂಡಾಗ ಅವನಿಗೆ ಏನು ಬೇಕೆಂದು ಗೊತ್ತಿರಲಿಲ್ಲವೇ? ಆದರೂ, ನಾನು ನಿನಗೇನು ಮಾಡಬೇಕೆಂದು ಕೋರುತ್ತೀ ಎಂದು ಕೇಳಿದರು. ಎಲ್ಲವನ್ನೂ ಬಲ್ಲವರೇ ಕೇಳಿದ ಮೇಲೆ ನಾವು ಕೇಳದಿರುವುದು ಹೇಗೆ?

ಜಗಳವಿದ್ದೂ ಪ್ರೀತಿ

ರಾಜಾಜಿಯವರಿಂದ ಕಲಿಯಬೇಕಾದ ಇನ್ನೊಂದು ಪಾಠ ಉಳಿದಿದೆ. 1942ರಲ್ಲಿ ಗಾಂಧೀಜಿ ‘ಭಾರತ ಬಿಟ್ಟು ತೊಲಗಿ’ ಎಂದಾಗ ರಾಜಾಜಿ ಒಪ್ಪಲಿಲ್ಲ, ಕಾಂಗ್ರೆಸ್ಸಿನಿಂದಲೇ ಹೊರಬಂದರು. ಮುಸ್ಲಿಂ ಲೀಗಿನ ಜೊತೆ ರಾಜಿಯಾಗಬೇಕೆಂದು 1944ರಲ್ಲಿ ಸೂತ್ರ ಮುಂದಿಟ್ಟು ಬೈಸಿಕೊಂಡರು. ಗಾಂಧೀಜಿಯ ಮಗ ದೇವದಾಸರಿಗೆ ರಾಜಾಜಿಯ ಮಗಳು ಲಕ್ಷ್ಮಿಯನ್ನು ಕೊಟ್ಟು 1933ರಲ್ಲೇ ಮದುವೆಯಾಗಿತ್ತು. ಅಂತರ್ಜಾತಿ ಮದುವೆ, ಅದೂ ಇಬ್ಬರನ್ನೂ ವರ್ಷಗಟ್ಟಲೆ ಕಾಯಿಸಿ ಮಾಡಿದ್ದು. ಬೀಗರ ನಡುವೆ ಇಷ್ಟು ದೊಡ್ಡ ಭಿನ್ನಾಭಿಪ್ರಾಯ ಬಂದರೂ ಪ್ರೀತಿ ಕಡಿಯಲಿಲ್ಲ. ತಮ್ಮ ಅಂತಃಸಾಕ್ಷಿಯನ್ನು ಕಾಯುವವರು ರಾಜಾಜಿ ಎಂದೇ ಗಾಂಧೀಜಿ ಹೇಳುತ್ತಿದ್ದರು. ಒಂದು ಗಜ ಬದುವಿಗಾಗಿ ಅಣ್ಣ ತಮ್ಮಂದಿರು ಹತ್ತು ವರ್ಷ ಮಾತು ಬಿಡುವ ನಮಗೆ ಇದು ಚಿಕ್ಕ ಮಾತಲ್ಲ.

ಪೆರಿಯಾರರದೂ ಹಾಗೆಯೇ. ರಾಜಾಜಿ ಸರ್ಕಾರ ಅವರನ್ನು ಜೈಲಿಗೆ ಹಾಕಿತ್ತು. ಒಬ್ಬರು ಆಸ್ತಿಕ, ಒಬ್ಬರು ನಾಸ್ತಿಕ. ಅರ್ಧ ಶತಮಾನ ಎದುರಾಳಿಗಳಾಗಿದ್ದರೂ ಸ್ನೇಹಿತರಾಗಿ ಉಳಿದರು. 1972ರ ಡಿಸೆಂಬರ್‌ನಲ್ಲಿ ರಾಜಾಜಿಯವರ ಅಂತ್ಯಸಂಸ್ಕಾರಕ್ಕೆ ಗಾಲಿಕುರ್ಚಿಯಲ್ಲಿ ಬಂದ ಪೆರಿಯಾರ್ ಮಗುವಿನಂತೆ ಅತ್ತರು.

ವಯಸ್ಸಾದ ಮೇಲೆ ರಾಜಾಜಿಯವರ ಮನಸ್ಸು ಅಣುಬಾಂಬಿನ ವಿರುದ್ಧ ನಿಂತಿತು. 1962ರ ಸೆಪ್ಟೆಂಬರ್‌ನಲ್ಲಿ, 83ರ ವಯಸ್ಸಿನಲ್ಲಿ, ಅಮೆರಿಕಕ್ಕೆ ಹೋಗಿ ಅಧ್ಯಕ್ಷ ಕೆನೆಡಿಯವರನ್ನು ಕಂಡು ಅಣು ಪರೀಕ್ಷೆಗಳನ್ನು ನಿಲ್ಲಿಸಬೇಕೆಂದು ಕೇಳಿದರು. ಜೊತೆಗಿದ್ದವರಲ್ಲಿ ಕರ್ನಾಟಕದ ರಂಗನಾಥ ದಿವಾಕರರೂ ಒಬ್ಬರು. ಕೆನೆಡಿ ಅಮೆರಿಕದ ಮೊದಲ ಕಥೋಲಿಕ ಅಧ್ಯಕ್ಷರು. ಮರುವರ್ಷ ಏಪ್ರಿಲ್‌ನಲ್ಲಿ ಪೋಪ್ ಇಪ್ಪತ್ತಮೂರನೇ ಜಾನ್ ಅವರು ಶಾಂತಿಯನ್ನು ಕುರಿತ ತಮ್ಮ ವಿಶ್ವಪತ್ರದಲ್ಲಿ ಅಣ್ವಸ್ತ್ರಗಳನ್ನು ನಿಷೇಧಿಸಬೇಕೆಂದು ಬರೆದರು. ಆಗಸ್ಟ್‌ನಲ್ಲಿ ಪರೀಕ್ಷೆಗಳನ್ನು ಭಾಗಶಃ ನಿಲ್ಲಿಸುವ ಒಪ್ಪಂದವಾಯಿತು. 1966ರ ಅಕ್ಟೋಬರ್‌ನಲ್ಲಿ ವಿಶ್ವಸಂಸ್ಥೆಯಲ್ಲಿ ಎಂ.ಎಸ್. ಸುಬ್ಬುಲಕ್ಷ್ಮಿಯವರು ರಾಜಾಜಿ ಬರೆದ ಇಂಗ್ಲಿಷ್ ಪ್ರಾರ್ಥನಾಗೀತೆಯೊಂದನ್ನು ಹಾಡಿದರು. ಅದಕ್ಕೆ ಸ್ವರ ಹಾಕಿದವರು ಮದ್ರಾಸಿನ ಕ್ರೈಸ್ತ ಸಂಗೀತಗಾರ ಹ್ಯಾಂಡೆಲ್ ಮ್ಯಾನ್ಯುಯೆಲ್. ಆ ಹಾಡು ದೇವರ ಬಳಿ ಮೊದಲು ಕೇಳುವುದು ನಮ್ಮ ಪಾಪಗಳ ಕ್ಷಮೆಯನ್ನು. ‘ನನಗೆ ಗೊತ್ತು’ ಎಂದು ಬದುಕಿದವರ ಲೇಖನಿಯಿಂದ ಮುಪ್ಪಿನಲ್ಲಿ ‘ಕ್ಷಮಿಸು’ ಎಂಬ ಪ್ರಾರ್ಥನೆ ಬಂತು.

ನಮ್ಮ ಮನೆಗಳಲ್ಲಿ

ಹಾಗಾದರೆ ರಾಜಾಜಿಯವರನ್ನು ಹೇಗೆ ನೆನೆಯೋಣ? ಮಕ್ಕಳಿಗೆ ಎರಡನ್ನೂ ಹೇಳೋಣ. ನಮ್ಮ ಜಿಲ್ಲೆಯಲ್ಲಿ ಹೆಂಡದಂಗಡಿ ಮುಚ್ಚಿಸಿದ್ದನ್ನು ಹೇಳೋಣ, ಸೆರೆಯಲ್ಲಿ ಸತ್ತ ಇಬ್ಬರು ಯುವಕರ ಹೆಸರನ್ನೂ ಹೇಳೋಣ. ಒಳ್ಳೆಯದನ್ನಷ್ಟೇ ಹೇಳಿದರೆ ಮಕ್ಕಳು ದೊಡ್ಡವರಾಗಿ ಉಳಿದದ್ದನ್ನು ತಾವೇ ಕಂಡುಹಿಡಿದು, ನಮ್ಮ ಒಂದು ಮಾತನ್ನೂ ನಂಬುವುದಿಲ್ಲ. ಕೆಟ್ಟದ್ದನ್ನಷ್ಟೇ ಹೇಳಿದರೆ ಒಳ್ಳೆಯದನ್ನು ಮಾಡುವ ಧೈರ್ಯವೇ ಅವರಿಗೆ ಬರುವುದಿಲ್ಲ. ಶುಭಸಂದೇಶ ಬರೆದವರು ಸಂತ ಪೇತ್ರರ ಮೂರು ಸಲದ ನಿರಾಕರಣೆಯನ್ನು ಮುಚ್ಚಿಡಲಿಲ್ಲ. ಬೀಗದ ಕೈಗಳ ಕಥೆಯ ಜೊತೆಗೇ ಕೋಳಿ ಕೂಗಿದ ಕಥೆಯನ್ನೂ ನಮಗೆ ಕೊಟ್ಟರು.

ಈ ಡಿಸೆಂಬರ್‌ನಲ್ಲಿ ಒಂದು ಸಂಜೆ ಕುಟುಂಬ ಪ್ರಾರ್ಥನೆ ಮುಗಿದ ಮೇಲೆ ಮಕ್ಕಳನ್ನು ಹತ್ತಿರ ಕೂರಿಸಿಕೊಂಡು ಕೇಳೋಣ: ನಿಮ್ಮ ಒಳ್ಳೆಯದಕ್ಕೆಂದು ನಾವು ಮಾಡಿದ ಯಾವ ಕೆಲಸ ನಿಮಗೆ ನೋವಾಯಿತು? ಉತ್ತರ ಕೇಳಲು ಸ್ವಲ್ಪ ಕಷ್ಟವಾಗಬಹುದು. ಮಧ್ಯೆ ಬಾಯಿ ಹಾಕದೆ ಪೂರ್ತಿ ಕೇಳಿಸಿಕೊಳ್ಳೋಣ. ಗೋದಲಿಗೆ ಹುಲ್ಲು ಹಾಸುವ ಮೊದಲು ಆ ಒಂದು ಕೆಲಸ ಆಗಲಿ. ಕಳೆಯನ್ನೆಲ್ಲ ಕಿತ್ತು ಮುಗಿಸುವುದು ಸುಗ್ಗಿಯ ಯಜಮಾನನ ಕೆಲಸ. ನಮ್ಮ ಹೊಲದಲ್ಲೂ ಕಳೆ ಇದೆಯೆಂದು ಮಕ್ಕಳ ಮುಂದೆ ಒಪ್ಪಿಕೊಳ್ಳುವುದಂತೂ ನಮ್ಮ ಕೈಯಲ್ಲೇ ಇದೆ.